ಹಾಜರಿ ಪುಸ್ತಕದಲ್ಲಿ ಇಲ್ಲದ ಹುಡುಗರು

ನಾನು ಏನು ಕೆಲಸ ಮಾಡುತ್ತಿದ್ದೆ ಅನ್ನುವುದು ನಮ್ಮತ್ತೆಗೆ ಬಹಳ ವರ್ಷ ಅರ್ಥವೇ ಆಗಿರಲಿಲ್ಲ. ಟೀಚರ್ ಅಲ್ಲ, ನರ್ಸ್ ಅಲ್ಲ, ಬ್ಯಾಂಕೂ ಅಲ್ಲ. ಒಂದು ದಿನ ಸೊಪ್ಪು ಬಿಡಿಸುತ್ತಾ ಕೂತಿದ್ದವರು ಕೇಳಿಯೇಬಿಟ್ಟರು. “ಬೇರೆಯವರು ಮಾಡಿದ ಕೆಲಸ ಸರಿಯಾಗಿದೆಯೋ ಇಲ್ಲವೋ ಅಂತ ಹೋಗಿ ನೋಡಿ ಬರೆಯೋದು ಅತ್ತೆ” ಅಂದೆ. ಅವರು ಸೊಪ್ಪಿನಿಂದ ಕಣ್ಣೆತ್ತಲಿಲ್ಲ. “ಅದಕ್ಕೆ ಎಂ.ಎ. ಓದಬೇಕಿತ್ತೇನೇ? ಮೂವತ್ತು ವರ್ಷದಿಂದ ಈ ಮನೇಲಿ ಕೂತು ನಾನು ಮಾಡ್ತಿರೋದು ಇನ್ನೇನು?” ಅಂದರು.

ಅವರು ಹೇಳಿದ್ದು ತಪ್ಪಲ್ಲ. ಒಂದು ಕಾರ್ಯಕ್ರಮ ಯಾರಿಗಾಗಿ ನಡೆಯುತ್ತದೋ ಅವರಿಗೆ ಮುಟ್ಟುತ್ತಿದೆಯಾ ಎಂದು ನೋಡುವುದೇ ಮೌಲ್ಯಮಾಪನ. ವಿದ್ಯಾರಣ್ಯಪುರದ ಮನೆಯಿಂದ ಎರಡು ಬಸ್ ಬದಲಾಯಿಸಿ ಸಿದ್ಧಾರ್ಥನಗರದ ಆಫೀಸಿಗೆ ಹೋಗಿ, ಅಲ್ಲಿಂದ ಬ್ಯಾಗು ಹಾಕಿಕೊಂಡು ಬಡಾವಣೆ ಬಡಾವಣೆ ತಿರುಗಿ, ಬಂದು ವರದಿ ಬರೆದು, ಹೀಗೇ ನನ್ನ ಆಯುಸ್ಸು ಕಳೆಯಿತು. ನಿವೃತ್ತಳಾದ ಮೇಲೆ, ಈಚೆಗೆ, ಅದೇ ಆಫೀಸಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. “ಮೇಡಂ, ಫೀಲ್ಡಿಗೆ ಹೋಗೋಕೆ ಮುಂಚೆ ನಾವು ಏನು ತಿಳ್ಕೊಂಡಿರಬೇಕು?” ಎಂದು ಕೇಳಿದರು. ಕಾಫಿ ಕೊಟ್ಟು, ನೀರಿನ ಬಾಟಲಿ ಇಟ್ಟುಕೊಳ್ಳಿ, ಕೊಡೆ ಮರೀಬೇಡಿ ಎಂದೆಲ್ಲ ಹೇಳಿ ಕಳಿಸಿದೆ. ಅವರು ಗೇಟು ದಾಟಿದ ಮೇಲೆ ಮನಸ್ಸು ಚುರುಕ್ ಅಂದಿತು. ಆ ಮಕ್ಕಳಿಗೆ ನಿಜ ಹೇಳಲಿಲ್ಲವಲ್ಲ ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನಗೆ ಎಷ್ಟು ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಅನ್ನುವುದರಿಂದ ನಿಮಗೇನೂ ಆಗಬೇಕಾದ್ದಿಲ್ಲ. ಒಂದೇ ಒಂದು ಕಾರ್ಯಕ್ರಮದ ವಿಷಯ ಹೇಳುತ್ತೇನೆ. ಅದರಲ್ಲಿ ನಾನು ಎರಡು ತಪ್ಪು ಮಾಡಿದೆ. ಒಂದನ್ನು ತಿಳಿಯದೆ ಮಾಡಿದೆ. ಇನ್ನೊಂದನ್ನು ಬಹಳ ಶ್ರದ್ಧೆಯಿಂದ ಮಾಡಿದೆ. ಇಲ್ಲಿ ಬರುವವರ ಹೆಸರುಗಳನ್ನೆಲ್ಲ ಬದಲಾಯಿಸಿದ್ದೇನೆ. ಜಾಗ ಕೆಸರೆ ಕಡೆ ಎಂದಷ್ಟೇ ಹೇಳುತ್ತೇನೆ, ಬೀದಿ ಯಾವುದೆಂದು ಹೇಳುವುದಿಲ್ಲ. ಯಾಕೆ ಅನ್ನುವುದು ಓದುತ್ತಾ ಹೋದರೆ ಗೊತ್ತಾಗುತ್ತದೆ.

ಯುವಕರ ನಡುವೆ ಹೊಡೆದಾಟ ತಡೆಯುವುದು ಆ ಕಾರ್ಯಕ್ರಮದ ಉದ್ದೇಶ. ಹೊರದೇಶದಲ್ಲಿ ಬಂದೂಕಿನಿಂದ ಸಾಯುವ ಹುಡುಗರನ್ನು ಉಳಿಸಲು ಬಡಾವಣೆಗಳೊಳಗೇ ಜನರನ್ನಿಟ್ಟು ನಡೆಸುವ ಯೋಜನೆಗಳಿವೆಯಂತೆ. ಅದನ್ನು ನೋಡಿ ಬಂದ ಒಂದು ಟ್ರಸ್ಟಿನವರು ಮೈಸೂರಿನಲ್ಲೂ ಒಂದು ಕೇಂದ್ರ ತೆರೆದರು. ಅದು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವ ಕೆಲಸ ನಮ್ಮ ಆಫೀಸಿಗೆ ಬಂತು. ನಮ್ಮ ಕಡೆ ಹುಡುಗರ ಹತ್ತಿರ ಬಂದೂಕು ಎಲ್ಲಿಂದ ಬರಬೇಕು? ಇದ್ದದ್ದು ಚಾಕು, ಮಚ್ಚು, ಕ್ರಿಕೆಟ್ ಬ್ಯಾಟು. ಆದರೆ ಪ್ರಶ್ನೆಗಳ ನಮೂನೆ ಮಾತ್ರ ಅಲ್ಲಿಂದ ಇದ್ದ ಹಾಗೇ ಅನುವಾದವಾಗಿ ಬಂದಿತ್ತು. ‘ನಿಮ್ಮ ನೆರೆಹೊರೆಯಲ್ಲಿ ಬಂದೂಕನ್ನು ನೋಡಿದ್ದೀರಾ?’ ಎಂದು ನಾನು ಒಬ್ಬ ಅಜ್ಜಿಯನ್ನು ಕೇಳಿದೆ.

“ಊಂ, ನೋಡಿವ್ನಿ ಕಣವ್ವ” ಅಂದಿತು ಅಜ್ಜಿ. “ದಸರಾ ಎಕ್ಸಿಬಿಷನ್‌ನಲ್ಲಿ. ಬಲೂನ್‌ಗೆ ಒಡೀತಾರಲ್ಲ, ಅದು ತಾನೆ?”

ನಾನು ನಗುತ್ತಾ ‘ಹೌದು’ ಎಂಬ ಕಡೆ ಗುರುತು ಹಾಕಿ ಪಕ್ಕದಲ್ಲಿ ಸಣ್ಣದಾಗಿ ವಿವರ ಬರೆದೆ. ಕಂಪ್ಯೂಟರಿಗೆ ಹೋಗುವಾಗ ಗುರುತು ಹೋಯಿತು, ವಿವರ ಹೋಗಲಿಲ್ಲ. ಟ್ರಸ್ಟಿನಿಂದ ಗಾಬರಿಯಿಂದ ಫೋನು ಬಂತು. ನಮ್ಮ ನಿರ್ದೇಶಕರು ಅನಂತರಾಮು ಸಾರ್ ಅರ್ಧ ಗಂಟೆ ಅವರಿಗೆ ಬಲೂನಿನ ಅಂಗಡಿಯ ವಿಷಯ ವಿವರಿಸಬೇಕಾಯಿತು. ಆಫೀಸಿನಲ್ಲಿ ಒಂದು ವಾರ ಅದೇ ನಗು. ನಾನೂ ನಕ್ಕೆ. ನಮ್ಮ ಪ್ರಶ್ನೆಗೂ ಆ ಬೀದಿಗೂ ಸಂಬಂಧವೇ ಇಲ್ಲ ಎಂದು ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು. ಎಚ್ಚೆತ್ತುಕೊಳ್ಳಲಿಲ್ಲ.

ಅನಂತರಾಮು ಸಾರ್ ಬಗ್ಗೆ ಒಂದು ಮಾತು. ಅವರು ಕೆಟ್ಟವರಲ್ಲ. ಲೆಕ್ಕದ ಮೇಷ್ಟರಾಗಿದ್ದವರು, ನಂಬರ್ ಕಂಡರೆ ಅವರಿಗೆ ಸಮಾಧಾನ. ನಾನು ಫೀಲ್ಡಿನಿಂದ ಬಂದು ಏನೇ ಹೇಳಲು ಶುರು ಮಾಡಿದರೂ “ಕಥೆ ಆಮೇಲೆ ಹೇಳುವೆಯಂತೆ, ಮೊದಲು ಸಂಖ್ಯೆ ಹೇಳಮ್ಮ” ಅನ್ನುತ್ತಿದ್ದರು.

ಕೇಂದ್ರ ಇದ್ದದ್ದು ಮೇಲಿನ ಬೀದಿಯಲ್ಲಿ. ಸುಣ್ಣ ಬಣ್ಣ ಮಾಡಿಸಿದ ಎರಡು ಕೋಣೆ, ಕೇರಂ ಬೋರ್ಡು, ಪುಸ್ತಕದ ಬೀರು, ಮೊಬೈಲ್ ರಿಪೇರಿ ಕಲಿಸಲು ಒಂದು ಮೇಜು. ನಡೆಸುತ್ತಿದ್ದವಳು ಶೋಭಾ ಅಂತ, ಸಮಾಜಕಾರ್ಯ ಓದಿದ್ದ ಅಚ್ಚುಕಟ್ಟಾದ ಹೆಣ್ಣುಮಗಳು. ಹಾಜರಿ ಪುಸ್ತಕ ನೋಡಿದರೆ ಕಣ್ಣಿಗೊತ್ತಿಕೊಳ್ಳಬೇಕು, ಹಾಗಿತ್ತು. ಹೆಸರು, ತಂದೆಯ ಹೆಸರು, ಕಾಲೇಜು, ಆಧಾರ್ ನಂಬರು, ಸಹಿ. ನಾನು ಹೋದಾಗ ಹುಡುಗರೆಲ್ಲ ಎದ್ದು ನಿಂತು “ನಮಸ್ತೆ ಮೇಡಂ” ಎಂದರು. ಒಬ್ಬ ಭಾಷಣ ಮಾಡಿದ. ಇನ್ನೊಬ್ಬ ಹಾಡಿದ. ಸಿಟ್ಟು ಬಂದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಹತ್ತು ಎಣಿಸುತ್ತೇವೆ ಎಂದು ಎಲ್ಲರೂ ಒಟ್ಟಿಗೆ ಹೇಳಿದರು.

ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಎದುರಿಗೆ ಬೈಕ್ ಸೀಟಿಗೆ ಕವರ್ ಹೊಲಿಯುವ ಒಂದು ಅಂಗಡಿ. ಅಲ್ಲಿ ಮೆಷಿನ್ ಮುಂದೆ ಕೂತಿದ್ದವನು ನಲವತ್ತು ದಾಟಿದ ಮನುಷ್ಯ, ಕಿವಿಯ ಕೆಳಗಿನಿಂದ ಕತ್ತಿನವರೆಗೆ ಉದ್ದನೆಯ ಗಾಯದ ಗೆರೆ. ಅವನೇ ಮಹದೇವ. ಎಲ್ಲವನ್ನೂ ನೋಡುತ್ತಿದ್ದನೆಂದು ಕಾಣುತ್ತದೆ.

“ಬರ್ಕೊಂಡ್ರಾ ಮೇಡಂ?” ಅಂದ.

“ಬರ್ಕೊಂಡೆ. ಚೆನ್ನಾಗಿ ನಡೀತಿದೆ ಅಲ್ವಾ?”

“ನಡೀತದೆ, ಯಾಕ್ ನಡೀದು? ಆದ್ರೆ ಇವರೆಲ್ಲ ಅವ್ವ ಒಂದ್ಸಲ ಕೂಗಿದ್ರೆ ಮನೆಗ್ ಓಗೋ ಹುಡುಗ್ರು. ಇವರ್ ಯಾವತ್ ಮೇಡಂ ಚಾಕು ಇಡ್ಕಂಡಿದ್ರು?”

ಆ ಮಾತನ್ನು ಬರೆದುಕೊಳ್ಳಲು ನಮೂನೆಯಲ್ಲಿ ಜಾಗ ಇರಲಿಲ್ಲ. ನಾನೂ ಜಾಗ ಮಾಡಿಕೊಳ್ಳಲಿಲ್ಲ. ‘ಕಾರ್ಯಕ್ರಮವು ತಲುಪಬೇಕಾದವರನ್ನು ಯಶಸ್ವಿಯಾಗಿ ತಲುಪಿದೆ’ ಎಂದು ವರದಿ ಬರೆದೆ. ಸಾರ್ ಆ ವಾಕ್ಯದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ‘ಚೆನ್ನಾಗಿದೆ’ ಎಂದು ಬರೆದರು.

ಎರಡು ತಿಂಗಳೂ ಆಗಿರಲಿಲ್ಲ. ಬೆಳಿಗ್ಗೆ ಪೇಪರು ತಿರುವುತ್ತಿದ್ದಾಗ ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ಕಾಣಿಸಿತು. ಬಸ್ ಸ್ಟಾಪಿನ ಹತ್ತಿರ ಹಾಡುಹಗಲೇ ಒಬ್ಬ ಹುಡುಗನಿಗೆ ಚೂರಿ ಹಾಕಿದ್ದರು. ಅದೇ ಬೀದಿಗಳು. ತಟ್ಟೆಯಲ್ಲಿದ್ದ ದೋಸೆ ಹಾಗೇ ಬಿಟ್ಟು ಬ್ಯಾಗಿನಿಂದ ಹಾಜರಿ ಪುಸ್ತಕದ ಜೆರಾಕ್ಸ್ ತೆಗೆದೆ. ಗಾಯಗೊಂಡವನು ಪ್ರದೀಪ. ಚುಚ್ಚಿದ ಹುಡುಗನ ಹೆಸರೂ ಸುದ್ದಿಯಲ್ಲಿತ್ತು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬೆರಳಿಟ್ಟು ಓದಿದೆ. ಇಬ್ಬರೂ ಇರಲಿಲ್ಲ. ಪುನಃ ಮೊದಲಿನಿಂದ ಓದಿದೆ. ನನ್ನ ಯಜಮಾನರು “ಯಾರನ್ನ ಹುಡುಕ್ತಿದೀಯೆ?” ಅಂದರು. ಪೇಪರನ್ನು ಅವರ ಮುಂದೆ ಸರಿಸಿದೆ.

ಒಂದು ವಾರ ಬಿಟ್ಟು ಪ್ರದೀಪನ ಮನೆಗೆ ಹೋದೆ. ಕೆಳಗಿನ ಬೀದಿ, ಬೀದಿ ನಲ್ಲಿಯಿಂದ ಆಚೆಗೆ ನಾಲ್ಕನೇ ಮನೆ. ಅವನ ತಾಯಿ ರತ್ನಮ್ಮ ಬಾಗಿಲಲ್ಲಿ ಮಣೆ ಇಟ್ಟುಕೊಂಡು ಊದುಕಡ್ಡಿ ಹೊಸೆಯುತ್ತಿದ್ದರು. ಕೈಯೆಲ್ಲ ಕಪ್ಪು. ನಾನು ಯಾರೆಂದು ಹೇಳಿದೆ.

“ಗೊತ್ತು ಬುಡಿ. ಆವತ್ತು ಬಂದಿದ್ರಲ್ಲ, ನಲ್ಲಿಗಂಟ ಬಂದು ತಿರುಗ್ಬುಟ್ರಿ” ಅಂದರು. “ನಾನು ಬಿಂದಿಗೆ ಇಡ್ಕಂಡು ಅಲ್ಲೇ ನಿಂತಿದ್ದೆ. ಇತ್ತಾಗೂ ಬತ್ತಾರೇನೋ ಅಂದ್ಕಂಡೆ.”

ನಮ್ಮ ನಕ್ಷೆಯಲ್ಲಿ ಸಮೀಕ್ಷೆಯ ಗಡಿ ಆ ನಲ್ಲಿಗೆ ಮುಗಿದಿತ್ತು. ಅದನ್ನು ಅವರಿಗೆ ಹೇಗೆ ಹೇಳುವುದು?

ಒಳಗೆ ಪ್ರದೀಪ ಗೋಡೆಗೆ ಒರಗಿ ಕೂತಿದ್ದ. ಇಪ್ಪತ್ತು ವರ್ಷವಿರಬಹುದು. ಮನೆಗಳಿಗೆ ಪೇಂಟ್ ಹೊಡೆಯುವ ಕೆಲಸ. ಚಾಕು ಬಿದ್ದದ್ದು ಬಲ ಭುಜಕ್ಕೆ. ಕೇಂದ್ರದ ವಿಷಯ ಗೊತ್ತಿತ್ತಾ ಎಂದು ಕೇಳಿದೆ.

“ಒಂದ್ಸಲ ಹೋಗಿದ್ದೆ. ಯಾವ ಕಾಲೇಜು ಅಂದ್ರು. ಆಧಾರ್ ತಗೊಂಬಾ, ಅಪ್ಪನ ಸೈನ್ ಮಾಡಿಸ್ಕೊಂಬಾ ಅಂದ್ರು. ಅಪ್ಪ ಎಲ್ಲವ್ನೆ ಅಂತ ನಮಗೇ ಗೊತ್ತಿಲ್ಲ.” “ಅದೂ ಅಲ್ದೆ ಅದಿರೋದು ಮೇಲಿನ್ ಬೀದೀಲಿ ಮೇಡಂ. ನಾನು ಅಲ್ಲಿಗೆ ದಿನಾ ಹೋಗಿದ್ರೆ ಇದೇ ಆಗೋದು, ಇನ್ನೂ ಮುಂಚೆನೇ ಆಗೋದು” ಎಂದು ಭುಜ ತೋರಿಸಿದ.

ಎರಡು ಬೀದಿಗಳಿಗೂ ಜಗಳವಿತ್ತು. ಯಾವುದೋ ವರ್ಷದ ಗಣೇಶನ ಮೆರವಣಿಗೆಯಲ್ಲಿ ಯಾರದೋ ಕಾಲನ್ನು ಯಾರೋ ತುಳಿದಿದ್ದರಂತೆ, ಅಲ್ಲಿಂದ ಶುರು. ಈ ವಿಷಯ ಬೀದಿಯ ಚಿಕ್ಕ ಮಕ್ಕಳಿಗೂ ಗೊತ್ತಿತ್ತು. ಹೊಡೆದಾಟ ತಡೆಯುವ ಕೇಂದ್ರಕ್ಕೆ ಜಾಗ ಹುಡುಕಿದವರಿಗೆ ಗೊತ್ತಿರಲಿಲ್ಲ. ಅದನ್ನು ಪರೀಕ್ಷಿಸಲು ಹೋದ ನನಗೂ ಗೊತ್ತಿರಲಿಲ್ಲ.

ಬರುವಾಗ ರತ್ನಮ್ಮ, “ಕೈ ಎತ್ತಕ್ಕಾಯ್ತಿಲ್ಲ ಅವನಿಗೆ. ಬ್ರಷ್ ಇಡಿಯೋ ಕೈ ಕಣಮ್ಮ ಅದು” ಅಂದರು. ಅವರು ಅಳಲಿಲ್ಲ. ಕಡ್ಡಿ ಹೊಸೆಯುವುದನ್ನೂ ನಿಲ್ಲಿಸಲಿಲ್ಲ.

ಅಲ್ಲಿಂದ ನಾನು ಕೆಲಸದ ರೀತಿಯನ್ನೇ ಬದಲಾಯಿಸಿದೆ. ಅದುವರೆಗೆ ನಾವು ಕೇಂದ್ರಕ್ಕೆ ಯಾರು ಬಂದರು ಎಂದು ಎಣಿಸುತ್ತಿದ್ದೆವು. ಇನ್ನು ಮೇಲೆ ಯಾರು ಬರಬೇಕಿತ್ತು ಅನ್ನುವುದನ್ನು ಮೊದಲು ಪಟ್ಟಿ ಮಾಡಿ, ಆಮೇಲೆ ಹಾಜರಿ ಪುಸ್ತಕ ತೆಗೆಯೋಣ ಅಂದೆ. ಸಾರ್ ಒಪ್ಪಲು ಹದಿನೈದು ದಿನ ಬೇಕಾಯಿತು. “ಅಪಾಯದಲ್ಲಿರೋರು ಅಂತ ಹೇಗಮ್ಮ ಗುರುತು ಹಿಡೀತೀಯ? ಹಣೆ ಮೇಲೆ ಬರೆದಿರುತ್ತಾ?” ಎಂದರು.

ಅದಕ್ಕೆ ನಾನು ಮಹದೇವನ ಅಂಗಡಿಗೆ ಹೋದೆ. ವಯಸ್ಸಿನಲ್ಲಿದ್ದಾಗ ಅವನು ಆ ಕಡೆಯ ದೊಡ್ಡ ಹೊಡೆದಾಟಗಾರ. ಒಂದು ಕೇಸಿನಲ್ಲಿ ಒಳಗೆ ಹೋಗಿ ಬಂದು, ಆಮೇಲೆ ಈ ಹೊಲಿಗೆ ಹಿಡಿದಿದ್ದ. ಸ್ಟೂಲು ಎಳೆದುಕೊಟ್ಟು ಮೆಷಿನ್ ನಿಲ್ಲಿಸದೇ ಹೇಳಿಕೊಟ್ಟ.

“ಯಾರ್ ಚಾಕು ಮಡಗವ್ರೆ ಅಂತ ಕೇಳಬೇಡಿ, ಯಾರೂ ಯೋಳಲ್ಲ. ಇಂಗ್ ಕೇಳಿ. ಯಾರ್ ಮೈಯಲ್ಲಿ ಹೊಲಿಗೆ ಗುರ್ತದೆ? ಯಾರ್ ಅಣ್ತಮ್ಮಂಗೆ ಏಟ್ ಬಿದ್ದದೆ? ಬಸ್ ಸ್ಟಾಪ್‌ಗೆ ನೆಟ್ಟಗೆ ದಾರಿ ಇದ್ರೂ ಯಾರು ಸುತ್ತಾಕ್ಕೊಂಡ್ ಓಗ್ತಾರೆ? ಅವನ್ನೆಲ್ಲ ಬರ್ಕಳಿ. ಅವರೇ ನಿಮ್ಮೋರು.”

ಮೂವತ್ತು ವರ್ಷದ ನೌಕರಿಯಲ್ಲಿ ನನಗೆ ಅಷ್ಟು ಚೆನ್ನಾಗಿ ಪಾಠ ಹೇಳಿದವರು ಇನ್ನೊಬ್ಬರಿಲ್ಲ. ನಲ್ಲಿಯ ಹತ್ತಿರ ಹೆಂಗಸರನ್ನು ಕೇಳಿದೆ, ಕಟಿಂಗ್ ಶಾಪಿನವನನ್ನು ಕೇಳಿದೆ, ಬೀದಿಯ ತಾಯಂದಿರನ್ನು ಕೇಳಿದೆ. ಮಹದೇವನ ಜೊತೆ ಕೂತು ಬರೆದಾಗ ಇಪ್ಪತ್ತಮೂರು ಹೆಸರು ಸಿಕ್ಕಿತು. ಹಾಜರಿ ಪುಸ್ತಕದಲ್ಲಿ ಅವರಲ್ಲಿ ಇದ್ದದ್ದು ಇಬ್ಬರೇ. ಅವರೂ ಒಂದು ವಾರ ಬಂದು ಆಮೇಲೆ ನಿಲ್ಲಿಸಿದ್ದರು.

ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಕೊನೆಗೂ ಸರಿಯಾದ ಕೆಲಸ ಮಾಡಿದೆ ಅನ್ನಿಸಿತು. ಪಟ್ಟಿಯನ್ನು ನೀಟಾಗಿ ಟೈಪು ಮಾಡಿಸಿದೆ. ಹೆಸರು, ಅಡ್ಡಹೆಸರು, ತಂದೆಯ ಹೆಸರು, ಮನೆಯ ಗುರುತು, ಯಾವ ಬೀದಿಯ ಗುಂಪು, ಯಾರ ಮೇಲೆ ದ್ವೇಷ. ಒಂದು ಪ್ರತಿ ಸಾರ್ ಮೇಜಿನ ಮೇಲಿಟ್ಟೆ. ಇದೇ ನಾನು ಶ್ರದ್ಧೆಯಿಂದ ಮಾಡಿದ ತಪ್ಪು.

ಗಣೇಶನ ಹಬ್ಬ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಆಫೀಸಿನ ಮೆಟ್ಟಿಲ ಮೇಲೆ ಮಹದೇವ ನಿಂತಿದ್ದ. ಸಿದ್ಧಾರ್ಥನಗರದವರೆಗೆ ಅವನು ಬಂದವನೇ ಅಲ್ಲ. ಮುಖ ಕಪ್ಪಿಟ್ಟಿತ್ತು.

“ಮೇಡಂ, ಸ್ಟೇಷನ್‌ನಿಂದ ಹುಡುಗ್ರನ್ನ ಕರೆಸ್ತಾವ್ರೆ. ಗಲಾಟೆ ಮಾಡಲ್ಲ ಅಂತ ಮುಚ್ಚಳಿಕೆ ಬರ್ಸಕ್ಕೆ. ಅಬ್ಬದ ಮುಂದೆ ಯಾವಾಗ್ಲೂ ಕರೀತಾರೆ, ಅದಲ್ಲ. ಈ ಸತಿ ಕರೆದಿರೋದು ನಾನೂ ನೀವೂ ಕೂತು ಬರ್ದಿದ್ವಲ್ಲ, ಆ ಹುಡುಗ್ರನ್ನೇ. ಅಡ್ಡೆಸ್ರು ಕೂಗಿ ಕರೆದವ್ರೆ. ಮನೇಲಿ ಕೂಗೋ ಎಸ್ರು ಅವರಿಗೆ ಎಂಗ್ ಗೊತ್ತಾಯ್ತು?”

 ನೇರ ಸಾರ್ ಕೋಣೆಗೆ ಹೋದೆ. ಅವರು ಮುಚ್ಚಿಡಲಿಲ್ಲ. “ಕೊಟ್ಟೆ ಕಣಮ್ಮ. ಮೀಟಿಂಗಿನಲ್ಲಿ ಒಬ್ಬ ಅಧಿಕಾರಿ ಕೇಳಿದ್ರು, ನಮಗೂ ಸಹಾಯ ಆಗುತ್ತೆ ಅಂದ್ರು. ಅವರೂ ಗಲಾಟೆ ತಡೆಯೋರೇ ತಾನೆ? ಅಂದುಕೊಂಡು ಕೊಟ್ಟೆ” ಅಂದರು. ಅಷ್ಟು ಹೇಳುವ ಹೊತ್ತಿಗೆ ನನ್ನ ಮುಖ ನೋಡಿ ಅವರಿಗೂ ಗೊತ್ತಾಗಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಪ್ರದೀಪನನ್ನು ಮೂರು ದಿನ ಕರೆಸಿ ಬೆಳಿಗ್ಗೆಯಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿದ್ದರು. ಹೊಡೆಯಲಿಲ್ಲ, ಬಡಿಯಲಿಲ್ಲ. ಆದರೆ ಅವನು ಸ್ಟೇಷನ್ನಿಗೆ ಹೋಗುವುದನ್ನೂ ಬರುವುದನ್ನೂ ಮೇಲಿನ ಬೀದಿಯ ಹುಡುಗರು ನೋಡಿದರು. ಇವನೇ ನಮ್ಮ ಹೆಸರೆಲ್ಲ ಕೊಡುತ್ತಿದ್ದಾನೆ ಎಂದುಕೊಂಡರು. ನಲ್ಲಿಯ ಹತ್ತಿರ ಯಾರೋ ರತ್ನಮ್ಮನಿಗೆ ಹೇಳಿದರಂತೆ: “ಇನ್ನೊಂದು ಕೈನಾದ್ರೂ ಉಳಿಸ್ಕೊಳ್ಳಕ್ಕೆ ಹೇಳು ನಿನ್ನ ಮಗಂಗೆ.”

 ಆ ಹುಡುಗನಿಗೆ ಏನಾದರೂ ಆದರೆ ಅದು ನಾನು ಟೈಪು ಮಾಡಿಸಿದ ಕಾಗದದಿಂದ. ಬೇರೆ ಯಾರ ಮೇಲೆ ಹಾಕುವುದು?

ಮಾರನೆಯ ದಿನ ನಾನೂ ಸಾರೂ ಅಧಿಕಾರಿಯನ್ನು ನೋಡಲು ಹೋದೆವು. ಅಷ್ಟು ವರ್ಷದಲ್ಲಿ ಸಾರ್ ಯಾರ ಮುಂದೆಯೂ ಕೈಕಟ್ಟಿ ನಿಂತದ್ದನ್ನು ನಾನು ನೋಡಿರಲಿಲ್ಲ. “ಆ ಪಟ್ಟಿ ವಾಪಸ್ ಕೊಡಿ, ಅದು ನಮ್ಮ ತಪ್ಪು” ಅಂದರು.

ಅಧಿಕಾರಿ ಒರಟಾಗಿ ಮಾತಾಡಲಿಲ್ಲ. “ಕಾಗದ ವಾಪಸ್ ಕೊಡ್ತೀನಿ ಸಾರ್. ಓದಿದ್ದನ್ನ ಹೇಗೆ ವಾಪಸ್ ಕೊಡ್ಲಿ?” ಅಂದರು. ಕೇಸಿಲ್ಲದ ಹುಡುಗರನ್ನು ಇನ್ನು ಕರೆಸುವುದಿಲ್ಲ ಎಂದಷ್ಟು ಮಾತು ಕೊಟ್ಟರು. ಆ ಮಾತನ್ನು ಉಳಿಸಿಕೊಂಡರು ಕೂಡ.

ಆದರೆ ಮೇಲಿನ ಬೀದಿಗೆ ಯಾರು ಹೇಳಬೇಕು? ಅಲ್ಲಿಯ ಹುಡುಗರು ಕೇಳುತ್ತಿದ್ದದ್ದು ಸೂರಿಯ ಮಾತನ್ನು. ಪ್ರದೀಪನಿಗೆ ಚುಚ್ಚಿ ಜೈಲಿನಲ್ಲಿದ್ದವನು ಸೂರಿಯ ಚಿಕ್ಕಪ್ಪನ ಮಗ. ನಾನು ಹೇಳಿ ನೋಡುತ್ತೇನೆ ಎಂದ ಮಹದೇವ. “ನೀನು ಹೇಳಿದ್ರೆ ನೀನೇ ಪಟ್ಟಿ ಕೊಟ್ಟೆ ಅಂತಾರೆ. ನಾನೇ ಬರ್ತೀನಿ” ಎಂದೆ. ಹೇಳುವಾಗ ಧೈರ್ಯವಾಗಿ ಹೇಳಿದೆ. ಬಸ್ಸಿನಲ್ಲಿ ಕೂತಾಗ ಅಂಗೈ ಬೆವೆತು ಟಿಕೆಟ್ಟು ಒದ್ದೆಯಾಗಿ ಹೋಯಿತು.

ಮಧ್ಯಾಹ್ನ ಮೂರು ಗಂಟೆ ಇರಬಹುದು. ಖಾಲಿ ಸೈಟೊಂದರಲ್ಲಿ ಕೆಟ್ಟು ನಿಂತ ಟೆಂಪೋ, ಅದರ ನೆರಳಲ್ಲಿ ಏಳೆಂಟು ಹುಡುಗರು. ಮಹದೇವ ಸೂರಿಗೆ ನನ್ನನ್ನು ತೋರಿಸಿ ಪಕ್ಕಕ್ಕೆ ಸರಿದು ನಿಂತ. ಸೂರಿ ಸಣಕಲ ಹುಡುಗ, ಪ್ರದೀಪನಷ್ಟೇ ವಯಸ್ಸು. ನಾನು ಏನೇನೋ ಪೀಠಿಕೆ ಯೋಚಿಸಿಕೊಂಡು ಹೋಗಿದ್ದೆ, ಒಂದೂ ನೆನಪಾಗಲಿಲ್ಲ.

“ನಿಮ್ಮೆಲ್ಲರ ಹೆಸರು ಬರೆದದ್ದು ನಾನು ಕಣಪ್ಪ” ಅಂದೆ. “ಪ್ರದೀಪ ಕೊಟ್ಟಿಲ್ಲ. ಅವನ ಹೆಸರೂ ಅದರಲ್ಲೇ ಇತ್ತು. ನಮ್ಮ ಆಫೀಸಿಂದ ಪೊಲೀಸರ ಕೈಗೆ ಹೋಯ್ತು. ಹೋಗಬಾರದಿತ್ತು.”

 ಒಬ್ಬ ಎದ್ದು ನನ್ನ ಹಿಂದೆ ಬಂದು ನಿಂತ. ತಿರುಗಿ ನೋಡಲು ಭಯವಾಯಿತು.

“ನನ್ನೆಸ್ರೂ ಇತ್ತಾ?” ಸೂರಿ ಕೇಳಿದ.

“ಇತ್ತು.”

“ಏನಂತ ಬರೆದಿದ್ರಿ? ರೌಡಿ ಅಂತಾನಾ?”

“ಇಲ್ಲಪ್ಪ. ಪಟ್ಟಿಯ ಮೇಲ್ಗಡೆ ‘ತಲುಪದೇ ಇರೋರು’ ಅಂತ ಬರೆದಿದ್ದೆ.”

“ಅಂದ್ರೆ?”

“ನಾವು ಬಂದು ಮಾತಾಡಿಸಬೇಕಿತ್ತು, ಮಾತಾಡಿಸಲಿಲ್ಲ ಅಂತ.”

 “ಆ ಸೆಂಟರ್ ನಮ್ಮ ಬೀದೀಲೇ ಅದೆ” ಅಂದ. “ಒಂದಿನ ನಮ್ಮನ್ನ ಒಳಗ್ ಬನ್ರೋ ಅಂದಿಲ್ಲ ಯಾರೂ. ಬಾಗಿಲಲ್ಲಿ ನಿಂತ್ಕೋಬೇಡಿ ಅಂದವ್ರೆ.” ಆಮೇಲೆ ನನ್ನ ಹಿಂದೆ ನಿಂತಿದ್ದವನಿಗೆ, “ಲೋ, ಬಾರೋ ಈಕಡೆ. ಆಯಮ್ಮ ಎದ್ರುಕೊಂಡವ್ರೆ” ಅಂದ.

ಪ್ರದೀಪನ ವಿಷಯ ಏನು ಎಂದು ನಾನು ಕೇಳಿದೆ. “ಅವನ ಪಾಡಿಗೆ ಅವನಿರಲಿ” ಅಂದ ಸೂರಿ. ಹೊರಡುವಾಗ, ಬೇರೆಯವರಿಗೆ ಕೇಳದ ಹಾಗೆ, “ಕೈ ಎತ್ತಕ್ಕಾಯ್ತದಾ ಅವನಿಗೆ?” ಎಂದು ಕೇಳಿದ. ಇಲ್ಲ ಎಂದೆ. ಅವನು ಮುಖ ಆ ಕಡೆ ತಿರುಗಿಸಿಕೊಂಡ.

ಹೊಸ ವರದಿ ಬರೆದೆ. ಹಿಂದಿನ ವರದಿ ತಪ್ಪು, ಅದನ್ನು ಬರೆದವಳು ನಾನೇ ಎಂದು ಮೊದಲ ಸಾಲಿನಲ್ಲೇ ಬರೆದೆ. ಟ್ರಸ್ಟಿನವರು ಸಿಟ್ಟಾದರು. ಸಾರ್ ಮಾತ್ರ ಈ ಸಲ ಒಂದು ವಾಕ್ಯವನ್ನೂ ತಿದ್ದದೆ ಸಹಿ ಹಾಕಿದರು. ಕೇಂದ್ರವನ್ನು ಎರಡೂ ಬೀದಿಗೆ ಸೇರದ ಮುಖ್ಯರಸ್ತೆಗೆ ತಂದರು. ಆಧಾರ್ ಕೇಳುವುದು ನಿಂತಿತು. ಮಹದೇವನನ್ನು ಕೆಲಸಕ್ಕೆ ತೆಗೆದುಕೊಳ್ಳಿ ಎಂದು ಹಟ ಹಿಡಿದೆ. ಹಳೇ ಕೇಸಿದ್ದವನನ್ನು ಯುವಕರ ಮಾರ್ಗದರ್ಶಕ ಎಂದು ನೇಮಿಸಲು ನಿಯಮ ಒಪ್ಪಲಿಲ್ಲ. ಹೊಲಿಗೆ ಶಿಕ್ಷಕ ಅಂತಾದರೆ ಅಡ್ಡಿಯಿಲ್ಲ ಅಂದರು. ಅಲ್ಲಿ ಯಾರೂ ಹೊಲಿಗೆ ಕಲಿಯಲಿಲ್ಲ. ಆದರೆ ಮೆಷಿನ್ ಸುತ್ತ ಹುಡುಗರು ಬಂದು ಕೂರಲು ಶುರು ಮಾಡಿದರು.

ಆ ಹೊತ್ತಿಗೆ ನಮಗೆ ಕಾಗದದ ಬದಲು ಟ್ಯಾಬ್ ಕೊಟ್ಟಿದ್ದರು. ಅದರಲ್ಲಿ ಹೆಸರು ತುಂಬದಿದ್ದರೆ ಮುಂದಿನ ಪುಟ ತೆರೆಯುವುದೇ ಇಲ್ಲ. ನಾನೂ ಮಹದೇವನೂ ಸೇರಿ ಎಲ್ಲರಿಗೂ ತರಕಾರಿ ಹೆಸರಿಟ್ಟೆವು. ಸೂರಿ ಹೀರೆಕಾಯಿ. ಪ್ರದೀಪ ಬದನೆಕಾಯಿ. ಯಾರಿಗೆ ಯಾವ ತರಕಾರಿ ಅನ್ನುವುದು ನಮ್ಮಿಬ್ಬರ ತಲೆಯಲ್ಲಿ ಮಾತ್ರ ಇತ್ತು. ಬೆಂಗಳೂರಿನಿಂದ ಬಂದ ತಪಾಸಣೆಯವರು ಕೇಳಿದಾಗ, ಅದು ಗೌಪ್ಯತೆಯ ಹೊಸ ವಿಧಾನ ಎಂದು ಸಾರ್ ಗಂಭೀರವಾಗಿ ಹೇಳಿದರು.

ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಬರುವವರ ಸಂಖ್ಯೆ ಮೊದಲಿಗಿಂತ ಕಡಿಮೆಯಾಯಿತು. ಅಚ್ಚುಕಟ್ಟಾದ ಹುಡುಗರು ದೂರವಾದರು, ಅವರ ತಾಯಂದಿರು ಕಳಿಸಲಿಲ್ಲ. ಶೋಭಾ ಕೆಲಸ ಬಿಟ್ಟಳು. ಅವಳ ಮೇಲೆ ನನಗೆ ಈಗಲೂ ಬೇಸರವಿಲ್ಲ. ಅವಳಿಗೆ ಕೊಟ್ಟ ನಿಯಮಗಳನ್ನು ಅವಳು ಪಾಲಿಸಿದಳು, ಆ ನಿಯಮಗಳನ್ನು ಮೆಚ್ಚಿ ಬರೆದವಳು ನಾನು. ಪಟ್ಟಿಯ ಇಪ್ಪತ್ತಮೂರು ಜನರಲ್ಲಿ ಒಬ್ಬ, ಇಲ್ಲಿ ಅವನಿಗೆ ತರಕಾರಿ ಹೆಸರೂ ಬೇಡ, ಮುಂದಿನ ವರ್ಷ ಬೇರೆ ಊರಿನಲ್ಲಿ ಜಗಳವಾಗಿ ಸತ್ತ. ಕೇಂದ್ರಕ್ಕೆ ಎರಡು ಸಲ ಬಂದಿದ್ದ. ಮೂರನೇ ಸಲ ಬಂದಿದ್ದರೆ ಉಳಿಯುತ್ತಿದ್ದನಾ? ಇದಕ್ಕೆ ಉತ್ತರ ಕೊಡುವ ಮೌಲ್ಯಮಾಪನ ನನಗೆ ಗೊತ್ತಿಲ್ಲ. ನಡೆದದ್ದು ಪೇಪರಿನಲ್ಲಿ ಬರುತ್ತದೆ. ನಡೆಯದೇ ಹೋದ ಹೊಡೆದಾಟವನ್ನು ಯಾರು ಎಣಿಸುತ್ತಾರೆ? ಪ್ರದೀಪ ಎಡಗೈಯಲ್ಲಿ ಬ್ರಷ್ ಹಿಡಿಯುವುದನ್ನು ಕಲಿತ. ಕಿಟಕಿಯ ಸರಳಿಗೆ ಹಚ್ಚುತ್ತಾನೆ, ಎತ್ತರದ ಗೋಡೆ ಮಾಡಲಾಗುವುದಿಲ್ಲ.

ನಿವೃತ್ತಿಯಾದ ಮೇಲೂ ಬೆಳಿಗ್ಗೆ ಪೇಪರು ಬಂದರೆ ನಾನು ಮೊದಲು ತೆಗೆಯುವುದು ಆ ಒಳಪುಟವನ್ನೇ. ಪರಿಚಯದ ಹೆಸರಿಲ್ಲ ಎಂದು ಖಾತ್ರಿಯಾದ ಮೇಲೇ ಕಾಫಿ ರುಚಿಯಾಗುವುದು. ಪರಿಚಯವಿಲ್ಲದ ಹೆಸರಿದ್ದರೆ, ಇವನೂ ಯಾರದೋ ಪುಸ್ತಕದಲ್ಲಿ ಇಲ್ಲದವನು ಎಂದು ಮನಸ್ಸು ಕೆಡುತ್ತದೆ. ಈ ಕೆಲಸಕ್ಕೆ ಬರುವವರು ಈ ಕಳವಳವನ್ನೂ ಸಂಬಳದ ಜೊತೆಗೆ ತೆಗೆದುಕೊಳ್ಳಬೇಕು. ಆ ಕಳವಳ ಹೋದ ದಿನ ನಿಮ್ಮ ವರದಿಯನ್ನು ನೀವೇ ನಂಬಬೇಡಿ.

ಹೋದ ತಿಂಗಳು ಸೂರಿ ಫೋನು ಮಾಡಿದ. ಅವನಿಗೀಗ ಮದುವೆಯಾಗಿದೆ, ಗೂಡ್ಸ್ ಆಟೋ ಓಡಿಸುತ್ತಾನೆ.

“ಮೇಡಂ, ಒಬ್ಬ ಹುಡುಗ ಅವ್ನೆ. ಹದಿನೆಂಟೂ ಆಗಿಲ್ಲ. ಅವನ ಅಣ್ಣಂಗೆ ಹೊಡೆದವ್ರೆ, ಇವನ ತಲೇಲಿ ಅದೇ ಓಡ್ತಾ ಅದೆ. ನನ್ ಮಾತು ಕೇಳ್ತಾ ಇಲ್ಲ. ಬತ್ತೀರಾ?”

“ನಾನು ರಿಟೈರ್ ಆಗಿದೀನಲ್ಲೋ” ಅಂದೆ.

“ಅದಕ್ಕೇ ಕರೀತಿರೋದು” ಅಂದ.

ಹೋದೆ. ಮಹದೇವನೂ ಇದ್ದ. ಹುಡುಗ ಟೀ ಅಂಗಡಿಯ ಬೆಂಚಿನ ಮೇಲೆ ಮೊಬೈಲ್ ನೋಡುತ್ತಾ ಕೂತಿದ್ದ. ಯಾವ ಆಫೀಸು ಎಂದು ಕೇಳಿದ. ಯಾವುದೂ ಇಲ್ಲ, ಸುಮ್ಮನೆ ಬಂದೆ ಎಂದೆ. ಒಂದು ಗಂಟೆ ಕೂತಿದ್ದೆವು. ಹೆಚ್ಚೇನೂ ಮಾತಾಡಲಿಲ್ಲ. ನಾಳೆ ಮಹದೇವಣ್ಣನ ಮೆಷಿನ್ ಹತ್ತಿರ ಬರುತ್ತೇನೆ ಎಂದು ಹೇಳಿ ಎದ್ದು ಹೋದ.

ಮಾರನೆಯ ದಿನ ಅವನು ಬರಲಿಲ್ಲ. ಮಹದೇವನಿಗೆ ಮೂರು ಸಲ ಫೋನು ಮಾಡಿದೆ. ಅದರ ಮಾರನೆಯ ದಿನವೂ ಬರಲಿಲ್ಲ. ಪೇಪರಿನ ಒಳಪುಟವನ್ನು ಎರಡೆರಡು ಸಲ ಓದಿದೆ. ಮೂರನೆಯ ದಿನ ಮನೆಯಲ್ಲಿ ಇರಲಾಗದೆ ಬಸ್ ಹತ್ತಿ ನಾನೇ ಹೋದೆ. ಮಹದೇವ ಸುಮ್ಮನೆ ಹೊಲಿಯುತ್ತಿದ್ದ. ನಾನು ಸ್ಟೂಲಿನ ಮೇಲೆ ಕೂತೆ. ಸಂಜೆ ಐದಕ್ಕೆ ಬಾಗಿಲಲ್ಲಿ ನೆರಳು ಬಿತ್ತು. ಹುಡುಗ ಒಳಗೆ ಬರಲೋ ಬೇಡವೋ ಎಂದು ನಿಂತಿದ್ದ.

ಮಹದೇವ ತಲೆಯೆತ್ತದೆ, “ಬಾರೋ, ಒಂದು ಕೈ ಇಡಿ, ಈ ರೆಕ್ಸಿನ್ ಜಾರ್ತಾ ಅದೆ” ಅಂದ.

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ.